ನಿಂಗರಾಜುವಿನ ಹೆಸರಲ್ಲಿ ನಡೆದವಳು

ಹೆಮ್ಮರಗಾಲದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದ ಪುಟ್ಟಮಾದಮ್ಮ ಬಾಯಿ ತೆರೆದರೆ ಸುಲಭಕ್ಕೆ ಮುಚ್ಚುವವಳಲ್ಲ. ಬೇಳೆ ಬೇಯದಿದ್ದರೆ ಬೇಳೆಗೂ ಬೈಗುಳ, ಅಕ್ಕಿಯಲ್ಲಿ ಕಲ್ಲು ಸಿಕ್ಕಿದರೆ ಅದನ್ನು ಕಳಿಸಿದ ಸರ್ಕಾರಕ್ಕೂ ಬೈಗುಳ. ತಟ್ಟೆ ತೊಳೆಯದೆ ಓಡುವ ಮಕ್ಕಳನ್ನು ಸೌಟು ಹಿಡಿದು ಅರ್ಧ ಬೀದಿ ಅಟ್ಟಿಸಿಕೊಂಡು ಹೋಗುತ್ತಿದ್ದಳು. ಇಂಥವಳ ಹೊಟ್ಟೆಯಲ್ಲಿ ಒಂದು ಮಾತು ವರ್ಷಗಟ್ಟಲೆ ಅಲುಗಾಡದೆ ಕೂತಿತ್ತು ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಕೂತಿತ್ತು. ಅದು ಹೊರಬಿದ್ದರೆ ಗಂಡನ ಜೀವಕ್ಕೆ ಕುತ್ತು ಎಂದು ಅವಳು ನಂಬಿದ್ದಳು. ಹೊರಬೀಳದಿದ್ದರೆ ಗಂಡನಿಗೆ ಪಿಂಚಣಿಯಿಲ್ಲ ಎಂಬುದು ಅವಳಿಗೆ ಬಹಳ ತಡವಾಗಿ ಗೊತ್ತಾಯಿತು.

ಆ ಮಾತನ್ನು ಮುಚ್ಚಿಡಬೇಕೆಂದು ನನಗೇನೂ ಹರಕೆಯಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಮಲೆ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆದದ್ದು ಅವಳ ಗಂಡ ನಿಂಗರಾಜು ಎಂದು ಊರಿಗೆ ಊರೇ ಹೇಳುತ್ತಿತ್ತಲ್ಲ, ಅದು ಸುಳ್ಳು. ನಡೆದವಳು ಪುಟ್ಟಮಾದಮ್ಮ.

ಅವಳ ತವರು ಟಿ. ನರಸೀಪುರದ ಕಡೆಯ ಒಂದು ಸಣ್ಣ ಹಳ್ಳಿ. ನಿಂಗರಾಜು ಮಿಲಿಟರಿಯಲ್ಲಿ ಸಿಪಾಯಿ. ಮದುವೆಯ ಅರಿಶಿನ ಆರುವ ಮೊದಲೇ ರಜೆ ಮುಗಿದು ಟ್ರಂಕು ಹೊತ್ತುಕೊಂಡು ಹೋದವನು, ಆಮೇಲೆ ವರ್ಷಕ್ಕೊಮ್ಮೆ ಬಂದು ಅತಿಥಿಯ ಹಾಗೆ ಇದ್ದು ಹೋಗುತ್ತಿದ್ದ. ಅವಳು ಅತ್ತೆ ಮಹದೇವಮ್ಮನ ಜೊತೆ ಗದ್ದೆ ನಾಟಿಗೆ, ಕಬ್ಬಿನ ಸೋಗೆ ತೆಗೆಯುವುದಕ್ಕೆ ಕೂಲಿಗೆ ಹೋಗುತ್ತಾ ದಿನ ದೂಡಿದಳು. ಅತ್ತೆ ಸೊಸೆ ಜಗಳಾಡದ ದಿನವಿಲ್ಲ, ಒಬ್ಬರನ್ನು ಬಿಟ್ಟು ಒಬ್ಬರು ಉಂಡ ದಿನವೂ ಇಲ್ಲ.

ತೊಂಬತ್ತಾರರ ಚಳಿಗಾಲದಲ್ಲಿ ತಂತಿ ಬಂತು. ನಿಂಗರಾಜು ಇದ್ದ ಗಡಿಯ ಪೋಸ್ಟಿನ ಮೇಲೆ ಹಿಮ ಕುಸಿದಿದೆ, ಅಲ್ಲಿಯವರ ಸುದ್ದಿ ಸಿಕ್ಕಿಲ್ಲ. ಪೋಸ್ಟ್‌ಮನ್ ಓದಿ ಹೇಳಿ ಮುಗಿಸುವಷ್ಟರಲ್ಲಿ ಮಹದೇವಮ್ಮ ಅಂಗಳಕ್ಕೆ ಇಳಿದಿದ್ದಳು. ಬೆಟ್ಟವಿರುವ ಮೂಡಲಿಗೆ ಮುಖ ಮಾಡಿ ನಿಂತು ಎರಡೂ ಕೈ ಎತ್ತಿದಳು.

"ಮಾದಪ್ಪಾ, ನನ್ ಮಗ ಜೀವ್ಸಯಿತ ಬರ್ಲಿ. ಬರಿಗಾಲಲ್ಲಿ ನಡುಸ್ಕೊಂಡು ಬಂದು ನಿನ್ ಬೆಟ್ಟ ಅತ್ತುಸ್ತೀನಿ ಕಣಪ್ಪಾ."

ನಡೆಯಬೇಕಾದವನನ್ನು ಕೇಳಿ ಹರಕೆ ಹೊರುವ ಪದ್ಧತಿ ನಮ್ಮ ತಾಯಂದಿರಲ್ಲಿ ಇಲ್ಲ.

ಮಾದಪ್ಪ ತನ್ನ ಪಾಲಿನ ಕೆಲಸ ಮಾಡಿದ. ನಿಂಗರಾಜು ಜೀವಂತ ಬಂದ. ಆದರೆ ಬಲಗಾಲಿಗೆ ಮೊಣಕಾಲಿನ ತನಕ ಬ್ಯಾಂಡೇಜು, ಕಂಕುಳಲ್ಲಿ ಊರುಗೋಲು. ಹಿಮ ಕಚ್ಚಿದ ಬೆರಳುಗಳು ಇದ್ದಿಲಿನ ಹಾಗೆ ಕಪ್ಪಾಗಿದ್ದವು. ಕಾಲು ನೆಲಕ್ಕೆ ಊರಬಾರದೆಂದು ಹೇಳಿ ಮಿಲಿಟರಿ ಡಾಕ್ಟರು ರಜೆ ಕೊಟ್ಟು ಕಳಿಸಿದ್ದರು. ಇತ್ತ ಶಿವರಾತ್ರಿ ಹತ್ತಿರ ಬಂದಿತ್ತು, ಊರಿನ ಜನ ಬೆಟ್ಟಕ್ಕೆ ಹೊರಡಲು ತಯಾರಾಗುತ್ತಿದ್ದರು. ಮಗನ ಕಾಲನ್ನೂ ಮೂಡಲ ದಿಕ್ಕನ್ನೂ ನೋಡುತ್ತಾ ಮಹದೇವಮ್ಮ ಅನ್ನ ಬಿಟ್ಟಳು. ಹರಕೆಯನ್ನು ಮುಂದೂಡಿದರೆ ಏನಾಗುವುದೋ ಎಂಬ ಭಯ ಅವಳಿಗೆ.

"ನಾನು ನಡೀತೀನಿ ಬುಡತ್ತೆ," ಎಂದಳು ಪುಟ್ಟಮಾದಮ್ಮ. "ಅವ್ರ ಎಸ್ರಲ್ಲಿ ನಡುದ್ರೆ ಆಗಲ್ವಾ?"

ಆಗುತ್ತದೆ ಎಂದಳು ಅತ್ತೆ, ಆದರೆ ಕಟ್ಟಳೆ ಹಾಕಿದಳು. ಸೀರೆಯ ಮೇಲೆ ಗಂಡನ ಖಾಕಿ ಅಂಗಿ ತೊಡಬೇಕು. ಮನೆ ಬಿಟ್ಟಲ್ಲಿಂದ ಬೆಟ್ಟ ಮುಟ್ಟುವ ತನಕ ಅವಳು ಪುಟ್ಟಮಾದಮ್ಮನಲ್ಲ, ನಿಂಗರಾಜು. ಜೊತೆಯವರು ಹಾಗೇ ಕರೆಯಬೇಕು, ಅವಳು ಓಗೊಡಬೇಕು. ಬಂದ ಮೇಲೂ ಯಾರು ಕೇಳಿದರೂ ಎಲ್ಲರೂ ನಿಂಗರಾಜು ನಡೆದ ಎಂದೇ ಹೇಳಬೇಕು. "ಬಾಯಿ ಬುಟ್ರೆ ಅರಕೆ ಮುರುದಂಗೆ ಕಣಮ್ಮಿ. ಮುರುದ್ರೆ ಕೊಟ್ಟಿರೋ ಜೀವನ ಮಾದಪ್ಪ ವಾಪಸ್ ಕೇಳ್ತಾನೆ."

ಅಲ್ಲಿಯ ತನಕ ಪುಟ್ಟಮಾದಮ್ಮ ಗಂಡನ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ನಮ್ಮವರು, ಇವರು, ಮಿಲ್ಟ್ರಿಯವರು, ಇಷ್ಟರಲ್ಲೇ ಸಂಸಾರ ಸಾಗಿತ್ತು. ಈಗ ಆ ಹೆಸರು ಅವಳದೇ ಆಯಿತು. ದಾರಿಯುದ್ದಕ್ಕೂ ಜೊತೆಯ ವಿಶಾಲಮ್ಮ ಅವಳನ್ನು ಗೋಳುಹೊಯ್ದುಕೊಂಡಳು. "ಲೇ ನಿಂಗ್ರಾಜು, ಒಂದು ಬೀಡಿ ಇದ್ರೆ ಕೊಡ್ಲಾ!" ನಂಜನಗೂಡು ದಾಟಿ, ನರಸೀಪುರದ ಹೊಳೆಯಲ್ಲಿ ಕಾಲು ನೆನೆಸಿಕೊಂಡು, ಕೊಳ್ಳೇಗಾಲ, ಹನೂರು ಎಂದು ಹೋಗುವಷ್ಟರಲ್ಲಿ ನಗು ಕಡಿಮೆಯಾಯಿತು. ಕೌದಳ್ಳಿಯ ಆಚೆ ಬಿಸಿಲಿಗೆ ರಸ್ತೆಯ ಟಾರು ಕರಗಿತ್ತು. ಅವಳ ಬಲಗಾಲಿನ ಅಂಗಾಲು ಸುಟ್ಟು ಬೊಬ್ಬೆ ಎದ್ದು, ಒಡೆದು, ಸೀಳಿತು. ಅಂಗಿಯ ತೋಳು ಹರಿದು ಕಟ್ಟಿಕೊಂಡಳು. ನಡೆಯುವುದು ಬಿಡಲಿಲ್ಲ.

ನಿಂಗರಾಜುವನ್ನು ಮಹದೇವಮ್ಮ ಬಸ್ಸಿನಲ್ಲಿ ಕರೆತಂದಿದ್ದಳು, ಅವನ ಕಾಲನ್ನು ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು. ಬೆಟ್ಟದ ಮೇಲೆ ಗೋಡೆಗೆ ಒರಗಿ ನಿಂತಿದ್ದವನು, ತನ್ನ ಖಾಕಿ ಅಂಗಿ ಹಾಕಿಕೊಂಡು ಕುಂಟುತ್ತಾ ಬರುತ್ತಿದ್ದ ಹೆಂಡತಿಯನ್ನು ಕಂಡು ಮುಖ ಆಚೆ ತಿರುಗಿಸಿದ. ಗುಡಿಯಲ್ಲಿ ಪೂಜೆಯ ತಮ್ಮಡಿ ಹೆಸರು ಕೇಳಿದ. "ನಿಂಗ್ರಾಜು," ಎಂದಳು ಪುಟ್ಟಮಾದಮ್ಮ. ತಮ್ಮಡಿ ಅವಳನ್ನು ಮೇಲಿಂದ ಕೆಳಕ್ಕೆ ನೋಡಿ, ಏನೂ ಕೇಳದೆ, ಅದೇ ಹೆಸರಲ್ಲಿ ಪೂಜೆ ಮಾಡಿ ವಿಭೂತಿ ಹಚ್ಚಿದ.

ರಜೆ ಮುಗಿಸಿ ಹೋದ ನಿಂಗರಾಜುವಿನ ಬೆರಳುಗಳನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದರು. ಓಡಲಾರದ ಸಿಪಾಯಿ ಮಿಲಿಟರಿಗೆ ಬೇಡವಾದ. ಪೂರ್ತಿ ಪಿಂಚಣಿಗೆ ಬೇಕಾದಷ್ಟು ವರ್ಷ ಆಗಿರಲಿಲ್ಲ. ಗಾಯಕ್ಕೆಂದು ಸಿಗಬೇಕಾದ ಅಂಗವೈಕಲ್ಯದ ಪಿಂಚಣಿಯೂ ಸಿಗಲಿಲ್ಲ. ಯಾಕೆಂದು ಹೆಂಡತಿ ಕೇಳಿದರೆ, "ಕೊಡಾಕಿಲ್ವಂತೆ," ಎಂದಷ್ಟೇ ಹೇಳಿದ. ತಾಂಡ್ಯದ ಕಾರ್ಖಾನೆಯೊಂದರಲ್ಲಿ ವಾಚ್‌ಮನ್ ಆದ. ಬೂಟಿನ ಮುಂಭಾಗ ಖಾಲಿ ಉಳಿಯುತ್ತಿದ್ದುದರಿಂದ ಅದಕ್ಕೆ ಬಟ್ಟೆ ತುರುಕಿಕೊಂಡು ಗೇಟಿನಲ್ಲಿ ನಿಲ್ಲುತ್ತಿದ್ದ. ಪುಟ್ಟಮಾದಮ್ಮ ಆ ಬಟ್ಟೆಯನ್ನು ದಿನವೂ ಒಗೆದು ಒಣಗಿಸುತ್ತಿದ್ದಳು. ಕೆಲವು ದಿನ ಅದರಲ್ಲಿ ರಕ್ತ ಇರುತ್ತಿತ್ತು.

ಕೊನೆಗೆ ಕಾರ್ಖಾನೆಯವರು ಕಾವಲನ್ನು ಏಜೆನ್ಸಿಗೆ ಕೊಟ್ಟರು. ಏಜೆನ್ಸಿಯವನಿಗೆ ಕುಂಟುವ ಗಾರ್ಡು ಬೇಕಿರಲಿಲ್ಲ. ಮನೆ ಪುಟ್ಟಮಾದಮ್ಮನ ಸೌಟಿನ ಮೇಲೆ ನಿಂತಿತು. ನಿಂಗರಾಜು ಜಗುಲಿಯ ಮೇಲೆ ಕೂತು, ಯಾರಾದರೂ ಬಂದರೆ ಕಾಲನ್ನು ಟವಲಿನಡಿ ಮುಚ್ಚಿಕೊಳ್ಳುತ್ತಿದ್ದ. ಹಿಮದಲ್ಲಿ ಸಾಯದೆ ಬಂದವನು ಜಗುಲಿಯ ಮೇಲೆ ದಿನದಿನವೂ ಸಣ್ಣಗಾಗುತ್ತಿದ್ದಾನಲ್ಲ ಎಂದು ಅವಳು ಬೇಳೆ ತಿರುವುತ್ತಾ ಕೊರಗುತ್ತಿದ್ದಳು.

ಆಗ ಬಂದವರು ನರಸೀಪುರದ ದೇವರಾಜು. ಸುಬೇದಾರರಾಗಿ ನಿವೃತ್ತರಾದವರು, ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕೋಣೆ ಹಿಡಿದು ಮಾಜಿ ಸೈನಿಕರ ಅರ್ಜಿಗಳನ್ನು ಬರೆದುಕೊಡುತ್ತಿದ್ದರು. ನಿಂಗರಾಜುವಿನ ಕಾಗದಗಳನ್ನು ತರಿಸಿ ನೋಡಿದರೆ ಕಾರಣ ಸ್ಪಷ್ಟವಾಗಿತ್ತು. ರಜೆಯಲ್ಲಿ ಸ್ವಂತ ಇಚ್ಛೆಯಿಂದ ಬರಿಗಾಲಲ್ಲಿ ಬೆಟ್ಟಕ್ಕೆ ನಡೆದು ಕಾಲು ಕೆಡಿಸಿಕೊಂಡಿದ್ದಾನೆ, ಸೇವೆಗೂ ಇದಕ್ಕೂ ಸಂಬಂಧವಿಲ್ಲ. ಊರುಗೋಲಿನವನು ಅಷ್ಟು ದೂರ ಹೇಗೆ ನಡೆದ ಎಂದು ಸುಬೇದಾರರಿಗೆ ಅನುಮಾನ. ಸ್ಕೂಟರ್ ಹತ್ತಿ ಊರಿಗೇ ಬಂದರು, ಅರಳಿಕಟ್ಟೆಯಲ್ಲಿ ಕೂತವರನ್ನು ವಿಚಾರಿಸಿದರು.

"ನಡ್ದ ಕಣ್ ಸಾ! ನಾವೇ ಕಂಡಿದ್ದೀವಿ!" ಎಂದರು ಎಲ್ಲರೂ ಒಂದೇ ಉಸಿರಿಗೆ. "ಟಾರ್ ಮೇಲೆ ಕಾಲು ಸುಟ್ರೂ ಬುಡ್ನಿಲ್ಲ ಸಾ, ಗಂಡು ಅಂದ್ರೆ ಅವ್ನು," ಎಂದು ವಿಶಾಲಮ್ಮ ಇನ್ನೊಂದು ಹಿಡಿ ಉಪ್ಪು ಹಾಕಿದಳು. ಹೀಗೆ ಊರಿನವರೆಲ್ಲಾ ಸೇರಿ, ಪ್ರೀತಿಯಿಂದಲೇ, ನಿಂಗರಾಜುವಿನ ಪಿಂಚಣಿಗೆ ಕಲ್ಲು ಹಾಕಿದರು.

ಸುಬೇದಾರರು ಸೋತ ಮುಖದಲ್ಲಿ ಶಾಲೆಯ ಕಡೆ ಬಂದು ನೀರು ಕೇಳಿದರು. "ಆಯ್ತು ತಾಯಿ, ನಿನ್ ಗಂಡ ನಡೆದದ್ದೇ ಅವನಿಗೆ ಮುಳುವಾಯ್ತು. ಕಾಲು ಇಷ್ಟು ಕೆಟ್ಟದ್ದು ಹೇಗೆ, ರಜೆಯಲ್ಲಿ ನಡೆದೆಯಾ ಅಂತ ಕೇಳಿದ ಡಾಕ್ಟ್ರ ಮುಂದೆ ಅವನೇ ಒಪ್ಕೊಂಡಿದ್ದಾನೆ. ಮೇಲ್ಮನವಿ ಹಾಕ್ತೀನಿ, ಡಾಕ್ಟ್ರುಗಳ ಹೊಸ ಬೋರ್ಡಿನವರು ಕರೆದು ಕೇಳ್ತಾರೆ. ಅಲ್ಲೂ ಹೂಂ ಅಂದ್ರೆ ಮುಗೀತು."

ಪುಟ್ಟಮಾದಮ್ಮನ ಕೈಯಲ್ಲಿದ್ದ ಸಾರಿನ ಸೌಟು ಒಲೆಯ ಮೇಲೇ ಬಿತ್ತು. ತಾನು ಕಾಲು ಸುಟ್ಟುಕೊಂಡು ಉಳಿಸಿದ ಗಂಡನ ಅನ್ನವನ್ನು ತನ್ನ ನಡಿಗೆಯೇ ಕಿತ್ತುಕೊಂಡಿತ್ತು. ಮಕ್ಕಳಿಗೆ ಬಡಿಸಿ, ಪಾತ್ರೆ ಬೆಳಗಿ, ಮನೆಗೆ ಹೋದವಳೇ ಜಗುಲಿಯ ಮುಂದೆ ನಿಂತಳು.

"ಡಾಕ್ಟ್ರು ಕೇಳುದ್ರೆ ನಡ್ದೆ ಅಂತ ಯಾಕಂದೆ?"

ನಿಂಗರಾಜು ಟವಲನ್ನು ಕಾಲಿನ ಮೇಲೆ ಎಳೆದುಕೊಂಡ. "ಇನ್ನೇನ್ ಅನ್ಬೇಕಿತ್ತು? ಅಂಗಾಲು ಸೀಳ್ಕೊಂಡು ನಡ್ದೋಳು ನೀನು. ಆ ಅರಕೇನ ಯಾರೋ ಗೊತ್ತಿಲ್ದೋರ ಮುಂದೆ ಬಾಯ್ಬುಟ್ಟು ನಾನೇ ಮಣ್ಣುಪಾಲು ಮಾಡ್ಲಾ?"

"ಇಷ್ಟು ವರ್ಸ ನನ್ಗೊಂದು ಮಾತು ಯೋಳ್ಬಾರ್ದಾಗಿತ್ತಾ?"

"ಯೋಳುದ್ರೆ ನಿನ್ ಕಾಲ್ನ ನೀನೇ ಬೈಕೊಂಡಿರ್ತಿದ್ದೆ ಕಣಮ್ಮಿ."

ಅವಳು ಒಳಗೆ ಹೋಗಿ ಅಕ್ಕಿ ಮೊರ ಹಿಡಿದು ಕೂತು ಅತ್ತಳು.

ಎರಡು ಸಾವಿರದ ನಾಲ್ಕರಲ್ಲಿ ಬೆಂಗಳೂರಿನಿಂದ ಕರೆ ಬಂತು. ನಾನೂ ಬತ್ತೀನಿ ಎಂದು ಪುಟ್ಟಮಾದಮ್ಮ ಹಟ ಹಿಡಿದಳು. ಮಿಲಿಟರಿ ಆಸ್ಪತ್ರೆಯ ಉದ್ದನೆಯ ವರಾಂಡದಲ್ಲಿ ಅವಳೂ ಸುಬೇದಾರರೂ ಬೆಂಚಿನ ಮೇಲೆ ಕೂತರು. ನಿಂಗರಾಜುವನ್ನು ಒಳಗೆ ಕರೆದರು. ಬಾಗಿಲ ಪರದೆ ಅರ್ಧ ಸರಿದಿತ್ತು. ಮೇಜಿನ ಹಿಂದೆ ಮೂವರು ಡಾಕ್ಟರು, ನಡುವೆ ಕೂತವರು ನರೆಗೂದಲಿನ ಹೆಂಗಸು, ಕರ್ನಲ್ ಅಂತೆ. ನಿಂಗರಾಜು ಬೂಟು ಬಿಚ್ಚಿ, ಆ ಮೊಂಡು ಕಾಲಿನಲ್ಲೇ ಎದೆ ಸೆಟೆಸಿ ಅಟೆನ್ಷನ್‌ನಲ್ಲಿ ನಿಂತಿದ್ದ. ಎಲ್ಲವೂ ಹಿಂದಿಯಲ್ಲಿ ನಡೆಯುತ್ತಿತ್ತು.

"ಏನ್ ಕೇಳ್ತಾವ್ರೆ?" ಎಂದಳು ಅವಳು.

"ರಜೆಯಲ್ಲಿ ಬರಿಗಾಲಲ್ಲಿ ನಡೆದದ್ದು ನಿಜವಾ ಅಂತ," ಪಿಸುಗುಟ್ಟಿದರು ಸುಬೇದಾರರು.

ಒಳಗಿನಿಂದ ಉತ್ತರ ಬಂತು. "ಹಾಂ ಸಾಬ್."

ಸುಬೇದಾರರು ಹಣೆ ಚಚ್ಚಿಕೊಂಡರು. ಆ ಉತ್ತರಕ್ಕೆ ತರ್ಜುಮೆ ಬೇಕಿರಲಿಲ್ಲ. ಪುಟ್ಟಮಾದಮ್ಮ ಎದ್ದಳು. ಮನಸ್ಸಿನಲ್ಲೇ ಮೂಡಲಿಗೆ ತಿರುಗಿ, "ಮಾದಪ್ಪಾ, ತಪ್ಪು ನಂದು, ಕೇಳೋದಿದ್ರೆ ನನ್ ಕೇಳು, ಅವ್ರ ಮುಟ್ಬ್ಯಾಡ," ಎಂದು ಬೇಡಿಕೊಂಡು ಪರದೆ ಸರಿಸಿ ಒಳಗೆ ನುಗ್ಗಿದಳು.

"ಸುಳ್ಳು ಕಣಮ್ಮೋ ಅದು! ಇವ್ರು ನಡೀನಿಲ್ಲ!"

ಡಾಕ್ಟರುಗಳಿಗೆ ಕನ್ನಡ ಬಾರದು. ಕರ್ನಲ್ ಕನ್ನಡಕ ಇಳಿಸಿ, ಏನೆನ್ನುತ್ತಾಳೆ ಎಂದು ನಿಂಗರಾಜುವನ್ನೇ ಕೇಳಿದರು. ಅವನು ಬೆವರುತ್ತಾ, ಹೆಂಡತಿ ಸಾಬ್, ಗಾಬರಿಯಾಗಿದ್ದಾಳೆ ಎಂದೇನೋ ಹಿಂದಿಯಲ್ಲಿ ಹೇಳಿದ. ಅವಳಿಗೆ ಹಿಂದಿ ಬಾರದಿದ್ದರೂ ಗಂಡನ ಮುಖ ಬರುತ್ತಿತ್ತು.

"ನಾನಂದಿದ್ದು ಅದಲ್ಲ! ನಾ ಯೋಳ್ದಂಗೇ ಯೋಳು!"

ಅವನು ಬೇಡ ಕಣಮ್ಮಿ ಎಂದು ಕಣ್ಣಲ್ಲೇ ಬೇಡಿಕೊಂಡ. ಆಗ ಪುಟ್ಟಮಾದಮ್ಮ ಆ ಕರ್ನಲ್ ಅಮ್ಮನ ಕಡೆಗೇ ತಿರುಗಿದಳು. ಗಂಡನ ಕಡೆ ಬೆರಳು ತೋರಿಸಿ, "ನಿಂಗ್ರಾಜು," ಎಂದಳು. ಇಲ್ಲ ಎಂದು ಕೈಯಾಡಿಸಿದಳು. ತನ್ನ ಎದೆ ತಟ್ಟಿಕೊಂಡು, "ನಾನು," ಎಂದಳು. ಎರಡು ಬೆರಳನ್ನು ಮೇಜಿನ ಮೇಲೆ ನಡೆಸಿ ತೋರಿಸಿದಳು. ಆಮೇಲೆ ನಾಚಿಕೆ ಬಿಟ್ಟು, ಪಕ್ಕದ ಕುರ್ಚಿ ಹಿಡಿದು, ಬಲಗಾಲು ಎತ್ತಿ ಅಂಗಾಲು ತೋರಿಸಿದಳು. ಹಿಮ್ಮಡಿಯಿಂದ ಬೆರಳ ಬುಡದ ತನಕ ಟಾರು ಸುಟ್ಟ ಕಲೆ, ನಡುವೆ ಉಬ್ಬಿದ ಸೀಳು.

ಕರ್ನಲ್ ಎದ್ದು ಬಂದರು. ಬಗ್ಗಿ ಆ ಅಂಗಾಲನ್ನು ನೋಡಿದರು, ಬೆರಳಿನಿಂದ ಸವರಿ ನೋಡಿದರು. ನಿಂಗರಾಜುವಿನ ಕಡೆ ತಿರುಗಿ ಮೆಲ್ಲಗೆ ಕೇಳಿದರು, ಹಾಗಾದರೆ ನೀನು ಎಲ್ಲಿದ್ದೆ?

ಅಟೆನ್ಷನ್‌ನಲ್ಲಿ ನಿಂತವನ ಭುಜಗಳು ಇಳಿದವು. "ಬಸ್ಸಿನಲ್ಲಿದ್ದೆ ಸಾಬ್. ನಮ್ಮವ್ವ ಕಾಲನ್ನು ಮಡಿಲಲ್ಲಿಟ್ಟುಕೊಂಡಿದ್ದಳು," ಎಂದು ಅವರ ಭಾಷೆಯಲ್ಲಿ ಹೇಳಿದವನೇ ಬಿಕ್ಕಿಬಿಕ್ಕಿ ಅಳತೊಡಗಿದ. ಹಿಮದಲ್ಲಿ ಅಳದವನು, ಬೆರಳು ಕತ್ತರಿಸಿದಾಗ ಅಳದವನು ಅಲ್ಲಿ ಅತ್ತ. ಹಿಂದೆ ಯಾಕೆ ಸುಳ್ಳು ಹೇಳಿದೆ ಎಂದು ಇನ್ನೊಬ್ಬ ಡಾಕ್ಟರು ಕೇಳಿದ್ದಕ್ಕೆ, "ಸುಳ್ಳಲ್ಲ ಸಾಬ್, ನಮ್ಮ ಮನೆಯಲ್ಲಿ ಅದನ್ನು ಹಾಗೇ ಹೇಳಬೇಕು," ಎಂದ. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಊರುಗೋಲು ಕೊಟ್ಟು ಕಳಿಸಿದವನು ಅಷ್ಟು ದೂರ ನಡೆದನೆಂದು ಹಿಂದಿನವರು ನಂಬಿದ್ದಾದರೂ ಹೇಗೆ ಎಂದು ಕರ್ನಲ್ ತಮ್ಮವರನ್ನೇ ಕೇಳಿದರು. ಅವನೇ ಹೂಂ ಎಂದ ಮೇಲೆ ಇಲ್ಲ ಎನ್ನುವವರು ಯಾರು ಎಂದರು ಜೊತೆಯ ಡಾಕ್ಟರು. ಜೊತೆಗೆ ನಡೆದವರ ಹೇಳಿಕೆ ಬರೆಸಿ ಕಳಿಸಿ ಎಂದು ಸುಬೇದಾರರಿಗೆ ಹೇಳಿ ಕಳಿಸಿಕೊಟ್ಟರು.

ಮನೆಗೆ ಬಂದಾಗ ಮಹದೇವಮ್ಮ ಗೋಡೆಗೆ ಒರಗಿ ಕೂತಿದ್ದಳು. ಪೊರೆ ಬಂದು ಕಣ್ಣು ಪೂರ್ತಿ ಹೋಗಿತ್ತು, ಕಿವಿ ಮಾತ್ರ ಚುರುಕು. "ಏನಂದ್ರವ್ವ?" ಎಂದಳು.

ಪುಟ್ಟಮಾದಮ್ಮ ಅತ್ತೆಯ ಎದುರು ಕುಸಿದು ಕೂತಳು. "ಯೋಳ್ಬುಟ್ಟೆ ಕಣತ್ತೆ. ನಾನೇ ನಡ್ದಿದ್ದು ಅಂತ ಯೋಳ್ಬುಟ್ಟೆ. ನಿಮ್ ಮಗುನ್ ಜೀವಕ್ಕೆ ಏನಾದ್ರೂ ಆದ್ರೆ..."

ಮುದುಕಿ ಬೈಯುತ್ತಾಳೆ ಎಂದುಕೊಂಡರೆ ಬೈಯಲಿಲ್ಲ. ಕೈಯಾಡಿಸುತ್ತಾ ಸೊಸೆಯ ಮೊಣಕಾಲು ಹುಡುಕಿ, ಅಲ್ಲಿಂದ ಪಾದಕ್ಕೆ ಇಳಿದು, ಬಲಗಾಲನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಅಂಗಾಲಿನ ಸೀಳಿನ ಉದ್ದಕ್ಕೂ ಬೆರಳಾಡಿಸಿದಳು.

"ಬೆಟ್ಟಕ್ಕೆ ವೋಗ್ತಾ ಬರ್ತಾ ಅವ್ನ್ ಕಾಲ್ನ ಮಡ್ಲಲ್ಲಿಟ್ಕೊಂಡೆ," ಎಂದಳು. "ಕಣ್ಣಿದ್ದಾಗ ನಿನ್ ಕಾಲ್ನ ತಿರುಗ್ಸಿ ನೋಡ್ನಿಲ್ವಲ್ಲ ನನ್ ತಾಯಿ." ಹರಳೆಣ್ಣೆಯ ಬಟ್ಟಲು ತರಿಸಿಕೊಂಡು, ಹಳೆಯ ಗಾಯಕ್ಕೆ ಇನ್ನೇನೂ ಆಗಬೇಕಿಲ್ಲ ಎಂದು ಗೊತ್ತಿದ್ದರೂ, ಬಹಳ ಹೊತ್ತು ತಿಕ್ಕಿದಳು.

ಹೇಳಿಕೆ ಕೊಡಲು ನರಸೀಪುರಕ್ಕೆ ಹೋದ ಗುಂಪಿನಲ್ಲಿ ವಿಶಾಲಮ್ಮನೇ ಮುಂದೆ. "ಇನ್ಮೇಲೆ ಯೋಳ್ಬೋದಾ ಸಾ? ನಾಲ್ಗೆ ಕಡುದು ಸಾಯ್ತಿತ್ತು," ಎಂದು ಹೆಬ್ಬೆಟ್ಟು ಒತ್ತಿದಳು. ನೋಟರಿ ಬೇಡವೆಂದರೂ ಬೀಡಿಯ ಕಥೆಯನ್ನೂ ಬರೆಸಿದಳು.

ಮುಂದಿನ ವರ್ಷ, ಗದ್ದೆಗೆ ನಾಲೆಯ ನೀರು ಬಿಟ್ಟ ಕಾಲದಲ್ಲಿ, ಸುಬೇದಾರರ ಸ್ಕೂಟರ್ ಶಾಲೆಯ ಮುಂದೆ ನಿಂತಿತು. ಪಿಂಚಣಿ ಮಂಜೂರಾಗಿತ್ತು, ಬಿಟ್ಟುಹೋದ ವರ್ಷಗಳದ್ದೂ ಸೇರಿ. ಪುಟ್ಟಮಾದಮ್ಮ ಸೌಟು ಹಿಡಿದೇ ಮನೆಗೆ ಓಡಿದಳು. ನಿಂಗರಾಜು ದುಡ್ಡಿನ ಮಾತು ಕೇಳಲಿಲ್ಲ. "ಕಾಲು ಯಾಕೆ ಹೋಯ್ತು ಅಂತ ಬರ್ದವ್ರೆ, ಅದ್ನ ಓದಿ ಸಾ," ಎಂದ. ಸೇವೆಯಲ್ಲಿ ಹಿಮದಿಂದ ಆದ ಗಾಯ, ಎಂದು ಸುಬೇದಾರರು ಓದಿದರು. ಇನ್ನೊಂದು ಸಲ ಓದಿಸಿದ. ಆಮೇಲೆ ಕಾಲಿನ ಮೇಲಿದ್ದ ಟವಲನ್ನು ತೆಗೆದು ಹೆಗಲಿಗೆ ಹಾಕಿಕೊಂಡ.

ಉಳಿದದ್ದು ಮುರಿದ ಹರಕೆ. ಮುದುಕಿ ಆ ಮಾತು ಎತ್ತಲಿಲ್ಲ, ಆದರೆ ಪುಟ್ಟಮಾದಮ್ಮನಿಗೆ ನೆಮ್ಮದಿಯಿರಲಿಲ್ಲ. ಗಂಡ ಒಂದು ಸಲ ಕೆಮ್ಮಿದರೂ ಅವಳ ಕೈ ನಿಲ್ಲುತ್ತಿತ್ತು. ಈ ಶಿವರಾತ್ರಿಗೆ ಮತ್ತೆ ನಡೆಯುತ್ತೇನೆ ಎಂದು ಖಾಕಿ ಅಂಗಿ ಹುಡುಕತೊಡಗಿದಾಗ ನಿಂಗರಾಜು ಅಡ್ಡ ಬಂದ.

"ಅಂಗಿ ಬ್ಯಾಡ. ನಿನ್ ಸೀರೆ ಒಂದ್ ಕೊಡು."

"ಯಾಕೆ?"

"ಬೋರ್ಡಲ್ಲಿ ತಪ್ಪು ನಂದು, ನನ್ ಕೇಳು ಅಂತ ಮಾದಪ್ಪನ್ಗೆ ಯೋಳಿದ್ದೀಯಂತೆ. ಸುಬೇದಾರ್ರು ಕೇಳುಸ್ಕೊಂಡವ್ರೆ. ಮನಸ್ನಲ್ಲಿ ಅಂದ್ಕೊಂಡೆ ಅಂತಿದ್ದೀಯ, ವರಾಂಡಕ್ಕೆಲ್ಲಾ ಕೇಳಿದೆ. ಅಂಗಾದ್ರೆ ಈಗ ಕುತ್ತಿರೋದು ನಿನ್ಗೆ. ಈ ಸಲ ನಿನ್ ಎಸ್ರಲ್ಲಿ ನಾನು ನಡೀತೀನಿ."

ಅವಳು ಬೈದಳು, ಅತ್ತಳು, ಬೂಟನ್ನು ಬಚ್ಚಿಟ್ಟಳು. ಬರಿಗಾಲಲ್ಲಿ ನಡೆಯುವವನಿಗೆ ಬೂಟು ಬಚ್ಚಿಟ್ಟು ಏನು ಪ್ರಯೋಜನ? ಕೊನೆಗೆ ರಾಜಿಯಾಯಿತು. ಬೆಟ್ಟದ ಬುಡದ ತಾಳುಬೆಟ್ಟದ ತನಕ ಬಸ್ಸು, ಅಲ್ಲಿಂದ ಮೇಲಕ್ಕೆ ನಡಿಗೆ. ಮೊಂಡು ಕಾಲಿಗೆ ಬಟ್ಟೆ ಸುತ್ತಬೇಕು. ಬಟ್ಟೆ ಚಪ್ಪಲಿಯಲ್ಲ ಎಂಬುದು ಮಾದಪ್ಪನಿಗೂ ಗೊತ್ತು ಎಂದು ಮುದುಕಿ ಒಪ್ಪಿಗೆ ಕೊಟ್ಟಳು.

ತಾಳುಬೆಟ್ಟದಲ್ಲಿ ಅವನು ಇಳಿದ. ಹೆಂಡತಿಯ ಹಳೆಯ ಸೀರೆಯನ್ನು ಅಂಗಿಯ ಮೇಲೆ ಅಡ್ಡಲಾಗಿ ಬಿಗಿದುಕೊಂಡಿದ್ದ. "ನಡಿಯೇ ಪುಟ್ಮಾದಿ, ವತ್ತಾಯ್ತು!" ಎಂದು ಊರಿಂದ ನಡೆದು ಬಂದು ಅಲ್ಲಿ ಕಾದಿದ್ದ ಗುಂಪಿನಿಂದ ವಿಶಾಲಮ್ಮ ಕೂಗಿದಳು. "ಬಂದೆ ಕಣಕ್ಕಾ!" ಎಂದು ಓಗೊಟ್ಟು, ಕೋಲೂರಿಕೊಂಡು ಕುಂಟುತ್ತಾ ಗುಂಪಿನ ಹಿಂದೆ ಮರಗಳ ನಡುವೆ ಮರೆಯಾದ. ಬಸ್ಸು ಮುಂದಕ್ಕೆ ಹೊರಟಿತು.

ಪುಟ್ಟಮಾದಮ್ಮ ಕಿಟಕಿಯ ಪಕ್ಕ ಕೂತಿದ್ದಳು, ಅವನ ಬೂಟುಗಳನ್ನು ಮಡಿಲಲ್ಲಿಟ್ಟುಕೊಂಡು. ಪ್ರತಿ ತಿರುವಿನಲ್ಲೂ ಅವಳ ಅಂಗಾಲು ಉರಿದಂತಾಗುತ್ತಿತ್ತು. ಮೇಲೆ ಗುಡಿಯ ಮುಂದೆ ಗೋಡೆಗೆ ಒರಗಿ, ಹಿಂದೊಮ್ಮೆ ಅವನು ನಿಂತಿದ್ದ ಜಾಗದಲ್ಲೇ ಕಾದು ನಿಂತಳು. ಹೊತ್ತು ಇಳಿಯುತ್ತಿತ್ತು. ಹತ್ತಿರ ಕೂತಿದ್ದ ಯಾವುದೋ ಊರಿನ ಅಜ್ಜಿ ಅವಳ ಬೆವರಿದ ಮುಖ ನೋಡಿ ಕೇಳಿತು, "ನಡ್ಕೊಂಡ್ ಬಂದ್ಯಾ ಮಗ?"

ಅಷ್ಟರಲ್ಲಿ ಮೆಟ್ಟಿಲ ಕೊನೆಯಲ್ಲಿ ತನ್ನ ಸೀರೆಯ ಬಣ್ಣ ಕಂಡಿತು. ಬಟ್ಟೆ ಸುತ್ತಿದ ಕಾಲು ಒಂದೊಂದೇ ಮೆಟ್ಟಿಲಿಗೆ ನಿಂತು ನಿಂತು ಏರುತ್ತಿತ್ತು. ಪುಟ್ಟಮಾದಮ್ಮನ ಕಣ್ಣು ತುಂಬಿ ಮುಂದಿನದೆಲ್ಲ ಮಂಜಾಯಿತು.

"ಊಂ ಕಣಜ್ಜಿ," ಎಂದಳು. "ನಾನೇ ನಡ್ಕೊಂಡ್ ಬಂದೆ."